ಒಲೆಯ ಮುಂದಿನ ಸಹಿ

ನಾನು ಎರಡೂವರೆ ವರ್ಷ ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾಗಿದ್ದೆ. ಆ ಎರಡೂವರೆ ವರ್ಷ ಊರಿನ ಜನ ನನ್ನನ್ನು ಕರೆದದ್ದು ‘ಅಧ್ಯಕ್ಷರ ಹೆಂಡತಿ’ ಎಂದು. ಅಧ್ಯಕ್ಷರು ಅಂದರೆ ನನ್ನ ಗಂಡ. ಅವರು ಚುನಾವಣೆಗೆ ನಿಂತಿರಲಿಲ್ಲ, ಅವರಿಗೆ ಯಾರೂ ಒಂದು ಓಟೂ ಹಾಕಿರಲಿಲ್ಲ, ಆದರೂ ಅಧ್ಯಕ್ಷರು ಅವರೇ. ಸಿಟ್ಟು ಇಳಿದ ಮೇಲೆ ಬರೆಯೋಣ ಅಂತ ಇಷ್ಟು ದಿನ ಕಾದೆ. ಇಳಿಯಲಿಲ್ಲ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಓದುವವರು ಸಹಿಸಿಕೊಳ್ಳಬೇಕು.

ನಾನು ಹುಟ್ಟಿ ಬೆಳೆದದ್ದು ಬೆಳಗಾವಿಯ ವಡಗಾವಿಯಲ್ಲಿ, ಮಗ್ಗದ ಮನೆಯಲ್ಲಿ. ಅಪ್ಪ ಸೀರೆ ನೇಯುತ್ತಿದ್ದರು, ಅವ್ವ ಪಕ್ಕದಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಹನ್ನೆರಡನೇತ್ತ, ಅಂದರೆ ಪಿಯುಸಿ, ಪಾಸಾದ ವರ್ಷವೇ ನನ್ನನ್ನು ಖಾನಾಪುರ ತಾಲೂಕಿಗೆ, ಬೀಡಿ ಎಂಬ ಊರಿನ ಆಚೆಯ ಒಂದು ಹಳ್ಳಿಗೆ ಕೊಟ್ಟರು. ಗಂಡನ ಮನೆ ಉಂಡು ಉಡುವುದಕ್ಕೆ ಕೊರತೆಯಿಲ್ಲದ ಮನೆ. ಶರಣರ ದಾರಿ ನಮ್ಮದು, ನಮ್ಮಲ್ಲಿ ಗಂಡು ಹೆಣ್ಣು ಭೇದ ಇಲ್ಲ ಅಂತ ಮಾವನವರು ಬಂದವರಿಗೆಲ್ಲ ಎದೆ ತಟ್ಟಿ ಹೇಳುತ್ತಿದ್ದರು. ಹಾಗೆ ಹೇಳುವಾಗ ನಾನೂ ಅತ್ತೆಯೂ ಒಳಗೆ ಬಾಗಿಲ ಮರೆಯಲ್ಲಿ ನಿಂತಿರುತ್ತಿದ್ದೆವು.

ಪಂಚಾಯಿತಿಗೆ ನಿಲ್ಲಬೇಕೆಂದು ನನ್ನ ಗಂಡ ಎರಡು ವರ್ಷದಿಂದ ಓಡಾಡುತ್ತಿದ್ದರು. ಯಾರ ಮನೆಯಲ್ಲಿ ಸತ್ತರೂ ಮೊದಲು ಅವರೇ ಹಾಜರು, ಯಾರ ಮನೆಯ ಮದುವೆಯಾದರೂ ಬಡಿಸುವುದಕ್ಕೆ ಅವರೇ ಮುಂದೆ. ಆಮೇಲೆ ಮೀಸಲಾತಿ ಪಟ್ಟಿ ಬಂತು. ನಮ್ಮ ವಾರ್ಡು ಹೆಂಗಸರಿಗೆ. ಆ ದಿನ ಅವರು ಊಟ ಮಾಡಲಿಲ್ಲ. ಮರುದಿನ ಮುಂಜಾನೆ ಚಹಾ ಕೊಡಲು ಹೋದಾಗ ಮುಖ ತೊಳೆದು ನಗುತ್ತಾ ಕೂತಿದ್ದರು.

“ಹೊಳಿ ಉಕ್ಕಿದ್ರ ದ್ವಾಣಿ ಹತ್ತಿ ದಾಟಬೇಕ. ನೀ ನಿಲ್ಲು. ಹೆಸರು ನಿಂದು, ಓಡ್ಯಾಟ ನಂದು. ನೀ ಏನೂ ಮಾಡೂದ ಬ್ಯಾಡ,” ಅಂದರು.

ದೋಣಿ ಅಂದರೆ ನಾನು. ಆಗ ನನಗೆ ಸಿಟ್ಟು ಬರಲಿಲ್ಲ, ಖುಷಿಯಾಯಿತು. ಅದನ್ನೂ ಬರೆದುಬಿಡುತ್ತೇನೆ, ಮುಚ್ಚಿಟ್ಟು ಏನು ಮಾಡಲಿ? ಪ್ರಚಾರದ ಹಾಳೆಯಲ್ಲಿ ಅವರು ಕೈ ಮುಗಿದ ದೊಡ್ಡ ಫೋಟೊ, ಮೂಲೆಯಲ್ಲಿ ನನ್ನ ಪಾಸ್‌ಪೋರ್ಟ್ ಅಳತೆಯ ಮುಖ. ಅದನ್ನೂ ಮಡಚಿ ಟ್ರಂಕಿನಲ್ಲಿ ಇಟ್ಟುಕೊಂಡೆ.

ಪ್ರಚಾರಕ್ಕೆ ನಾನು ಒಬ್ಬಳೇ ಹೋದದ್ದು ಒಂದೇ ದಿನ, ಒಂದೇ ಓಣಿಗೆ. ಆವತ್ತು ಅವರು ಕಾಗದಪತ್ರಕ್ಕೆಂದು ಖಾನಾಪುರಕ್ಕೆ ಹೋಗಿದ್ದರು. ಕೆಳಗಿನ ಓಣಿಯಲ್ಲಿ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿವೆ. ಪಾಯಖಾನೆ ಕಟ್ಟಿಸೋಣ ಅಂದರೂ ಒಂದು ಮನೆಗೂ ಹಿತ್ತಲಿಲ್ಲ. ಹೆಂಗಸರೆಲ್ಲ ಬೆಳಕು ಹರಿಯುವ ಮೊದಲು ಚರಿಗೆ ಹಿಡಿದು ಹಳ್ಳದ ದಂಡೆಗೆ ಹೋಗಬೇಕು. ಬೆಳಕಾದರೆ ಮತ್ತೆ ಕತ್ತಲಾಗುವ ತನಕ ತಡೆದುಕೊಳ್ಳಬೇಕು. ಅಲ್ಲಿ ಒಬ್ಬ ಅಕ್ಕ, ಕೂಲಿ ಮಾಡುವವಳು, ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವಳು, ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

“ಬಾಯಾರ, ಓಟ ನಿಮಗ ಹಾಕೂದೋ, ನಿಮ್ಮ ಮನ್ಯಾರಿಗೆ ಹಾಕೂದೋ?”

“ನನಗ್ರಿ ಅಕ್ಕಾರ.”

“ಹಂಗಾರ ನೀವ ಹೇಳ್ರಿ. ಹೆಣಮಕ್ಕಳಿಗೊಂದು ಪಾಯಖಾನಿ ಕಟ್ಟಸ್ತೀರೇನು? ನನ್ನ ಸೊಸಿ ಬಸರಿ ಅದಾಳ. ಹಳ್ಳದ ಇಳಕಲಾಗ ಜಾರಿ ಬಿದ್ದರ ಯಾರ ಹೊಣಿ?”

ಹಳೆ ಸಾಲೆಯ ಬಾಜುವಿಗೆ ಪಂಚಾಯಿತಿಯ ಖಾಲಿ ಜಾಗ ಇತ್ತು. ಅಲ್ಲಿ ಕಟ್ಟಿಸುತ್ತೇನೆ ಅಂದೆ. ಯಾರನ್ನೂ ಕೇಳದೆ ನಾನು ಕೊಟ್ಟ ಮಾತು ಅದೊಂದೇ. ಮನೆಗೆ ಬಂದು ಗಂಡನಿಗೆ ಹೇಳಿದರೆ, “ಛಲೋ ಆತು ಬಿಡು, ಓಟ ಬೀಳ್ತಾವ,” ಅಂದರು.

ಓಟು ಬಿದ್ದವು. ಅಧ್ಯಕ್ಷ ಸ್ಥಾನವೂ ಮೊದಲ ಅವಧಿಗೆ ಹೆಂಗಸರಿಗೇ ಬಂದಿತ್ತು, ಸದಸ್ಯರು ನನ್ನನ್ನೇ ಆರಿಸಿದರು. ಆರಿಸಿದರು ಅಂದರೆ ಅವರೂ ನನ್ನ ಗಂಡನೂ ಯಾವುದೋ ತೋಟದಲ್ಲಿ ಕೂತು ಮಾತಾಡಿಕೊಂಡಿದ್ದರು. ಪಂಚಾಯಿತಿ ಮುಂದೆ ಪಟಾಕಿ ಹೊಡೆದು ಹಾರ ತಂದರು. ಮೊದಲ ಹಾರ ಅವರ ಕೊರಳಿಗೆ, ಎರಡನೆಯದೂ ಅವರ ಕೊರಳಿಗೆ. ನನ್ನ ಕೈಗೆ ಯಾರೋ ಒಂದು ತೆಂಗಿನಕಾಯಿ ಕೊಟ್ಟರು. ಕಚೇರಿಯ ಗೋಡೆಯ ಫಲಕದಲ್ಲಿ ನನ್ನ ಹೆಸರು ಬರೆಸಿದರು, ಹೆಸರಿನ ಮುಂದೆ ಅವರ ಮೊಬೈಲ್ ನಂಬರು. ತಾಲೂಕಿನಿಂದ ಯಾವ ಅಧಿಕಾರಿ ಫೋನ್ ಮಾಡಿದರೂ ಎತ್ತುವವರು ಅವರೇ, “ಹೇಳ್ರಿ ಸಾಹೇಬ್ರ, ಅಧ್ಯಕ್ಷರ ಮಾತಾಡೂದು,” ಅನ್ನುವವರೂ ಅವರೇ.

ಇನ್ನು ಠರಾವು ಪುಸ್ತಕದ ಕಥೆ. ಸಭೆಯಲ್ಲಿ ಏನು ತೀರ್ಮಾನವಾಯಿತು ಅಂತ ಬರೆದಿಡುವ ದೊಡ್ಡ ದಫ್ತರ ಅದು. ಕೆಳಗೆ ಅಧ್ಯಕ್ಷರ ಸಹಿ ಬೀಳದಿದ್ದರೆ ಯಾವ ಠರಾವೂ ನಡೆಯುವುದಿಲ್ಲ. ನಮ್ಮ ಕಡೆ ಹೆಂಗಸರ ಸಹಿಗೆ ಆ ಪುಸ್ತಕ ಮನೆಗೆ ಬರುತ್ತದೆ. ಹೆಂಗಸು ಸಭೆಗೆ ಬರುವುದಿಲ್ಲ, ಪುಸ್ತಕವೇ ಹೆಂಗಸಿನ ಕಡೆ ಹೋಗುತ್ತದೆ. ಇದನ್ನು ಎಲ್ಲರೂ ಮರ್ಯಾದೆ ಅಂದುಕೊಂಡಿದ್ದಾರೆ. ಪಂಚಾಯಿತಿಯ ಸಿಪಾಯಿ, ಪಾಪ ವಯಸ್ಸಾದ ಮನುಷ್ಯ, ಮುಂಜಾನೆ ರೊಟ್ಟಿ ಬಡಿಯುವ ಹೊತ್ತಿಗೇ ಬರುತ್ತಿದ್ದ. ನಾನು ಮನೆಯಲ್ಲಿ ಖಾತ್ರಿ ಸಿಗುವ ಹೊತ್ತು ಅದು. ಚಪ್ಪಲಿ ಹೊರಗೆ ಬಿಟ್ಟು ಅಡುಗೆ ಮನೆಯ ಹೊಸ್ತಿಲ ಮೇಲೆ ಪುಸ್ತಕ ಬಿಚ್ಚಿ ಹಿಡಿಯುತ್ತಿದ್ದ.

“ಅಕ್ಕಾರ, ಇಲ್ಲೊಂದು. ಇಲ್ಲೊಂದು. ಮತ್ತ ಈ ಕೆಳಗ.”

ಹಂಚಿನ ಮೇಲೆ ರೊಟ್ಟಿ ಇರುತ್ತಿತ್ತು. ಎಡಗೈಯಿಂದ ಅದನ್ನು ತಿರುವಿ ಹಾಕಿ, ಬಲಗೈ ಸೆರಗಿಗೆ ಒರೆಸಿ ಸಹಿ ಹಾಕುತ್ತಿದ್ದೆ. ಎಷ್ಟೋ ಸಲ ಮೇಲೆ ಖಾಲಿ ಬಿಟ್ಟಿರುತ್ತಿದ್ದರು. ಆಮೇಲೆ ಬರೆಯುತ್ತಾರಂತೆ, ನಾನೂ ಕೇಳಲಿಲ್ಲ. ಪುಟಗಳ ಮೇಲೆ ಜೋಳದ ಹಿಟ್ಟಿನ ನನ್ನ ಬೆರಳ ಗುರುತು ಇರುತ್ತಿತ್ತು. ಹನ್ನೆರಡನೇತ್ತ ಓದಿದವಳು ನಾನು, ಪೇಪರ್ ಓದುವವಳು, ನನ್ನ ಸಹಿಯ ಮೇಲೆ ಏನಿದೆ ಅಂತ ಒಂದು ದಿನವೂ ಓದಲಿಲ್ಲ. ಓದುತ್ತಾ ಕೂತರೆ ರೊಟ್ಟಿ ಸೀಯುತ್ತಿತ್ತು. ಈ ಮಾತು ಬರೆಯುವಾಗ ನನ್ನ ಮೇಲೆ ನನಗೇ ಹೊಡೆಯುವಷ್ಟು ಸಿಟ್ಟು ಬರುತ್ತದೆ.

ಒಂದು ವರ್ಷ ಹೀಗೇ ಹೋಯಿತು. ಪಾಯಖಾನೆ ಎಲ್ಲಿಗೆ ಬಂತು ಅಂತ ಕೇಳಿದಾಗಲೆಲ್ಲ ಅವರು, “ಫೈಲ್ ಮ್ಯಾಲ ಹೋಗೇತಿ,” ಅನ್ನುತ್ತಿದ್ದರು. ಆಗ ಬೆಳಗಾವಿಯಲ್ಲಿ ಅಧ್ಯಕ್ಷೆಯರಿಗೆ ಐದು ದಿನದ ತರಬೇತಿ ಇಟ್ಟರು. ಬಂದ ಹೆಂಗಸರು ಸುಮಾರು ಮೂವತ್ತು, ಜೊತೆಗೆ ಬಂದ ಗಂಡಂದಿರೂ ಅಷ್ಟೇ. ಪಾಠ ಹೇಳುವ ಮೇಡಂ ಬಲು ಗಟ್ಟಿಗಿತ್ತಿ. ಬಾಗಿಲಲ್ಲೇ ನಿಂತು, “ಗಂಡಸರು ಹೊರಗ ಗಿಡದ ನೆಳ್ಳಿಗೆ ಕುಂದರ್ರಿ. ಹೆಂಡ್ರ ಫೋನ್ ನಿಮ್ಮ ಕಿಸೇದಾಗಿದ್ರ ತಗದು ಕೊಟ್ಟು ಹೋಗ್ರಿ,” ಅಂದಳು. ಎಷ್ಟು ಕಿಸೆಗಳಿಂದ ಎಷ್ಟು ಫೋನುಗಳು ಹೊರಗೆ ಬಂದವು ಅಂತೀರಿ! ನನಗಂತೂ ಕೊಡುವುದಕ್ಕೆ ಫೋನೇ ಇರಲಿಲ್ಲ.

ಆಮೇಲೆ ಆಕೆ ಕೇಳಿದಳು, “ಠರಾವಿಗೆ ಸಹಿ ಎಲ್ಲಿ ಮಾಡ್ತೀರಿ?”

“ಮನ್ಯಾಗ್ರಿ,” ಅಂದರು ಎಲ್ಲರೂ.

“ಮನ್ಯಾಗ ಎಲ್ಲೆ?”

ಹಿಂದಿನ ಸಾಲಿನಿಂದ ಒಬ್ಬಳು, “ಒಲಿ ಮುಂದ್ರಿ,” ಅಂದಳು. ಇಡೀ ಹಾಲು ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ನಗುತ್ತಲೇ ಲೆಕ್ಕ ಹಾಕಿದೆ. ಮೂವತ್ತು ಪಂಚಾಯಿತಿ, ಮೂವತ್ತು ಒಲೆ.

ಕೊನೆಯ ದಿನ ತರಬೇತಿ ಮುಗಿದ ಮೇಲೆ ಗಂಡನನ್ನು ಮುಂದೆ ಕಳಿಸಿ ವಡಗಾವಿಗೆ ಹೋಗಿ ಅವ್ವನ ಹತ್ತಿರ ಒಂದು ದಿನ ಇದ್ದೆ. ಒಲೆ ಮುಂದಿನ ಸಹಿಯ ಮಾತನ್ನು ನಗೆಚಾಟಿಕೆಯ ಹಾಗೆ ಹೇಳಿದೆ. ಅವ್ವ ನಗಲಿಲ್ಲ. ಕಂಡಿಕೆ ಸುತ್ತುವ ರಾಟೆ ನಿಲ್ಲಿಸಿದಳು.

“ನಾ ಹೆಬ್ಬಟ್ಟಾಕಿ. ಖರೇ, ಯಾರರ ಓದಿ ಹೇಳಲಾರದ ಎಲ್ಲೂ ಹೆಬ್ಬಟ್ಟ ಒತ್ತಿಲ್ಲ, ನಿಮ್ಮಪ್ಪ ಹೇಳಿದ್ರೂ ಒತ್ತಿಲ್ಲ. ಬಾಜು ಮನಿ ಹುಡುಗೀನ್ನ ಕರದು ಎರಡೆರಡ ಸಲ ಓದಸ್ತಿದ್ನಿ. ನಿನಗ ಸಾಲಿ ಯಾಕ ಕಲಿಸಿದಿವಿ ಹಂಗಾರ?”

ಮರುದಿನ ಬಸ್ಸು ಪೀರನವಾಡಿ ದಾಟುವಾಗ ತೀರ್ಮಾನ ಮಾಡಿದೆ, ಇನ್ನು ಮುಂದೆ ಓದದೆ ಸಹಿ ಇಲ್ಲ ಅಂತ. ದೊಡ್ಡ ಶಾಣ್ಯಾಳಾಗಿದ್ದೆ, ತಡವಾಗಿ. ಊರಿನಲ್ಲಿ ಬಸ್ಸಿಳಿದರೆ ಹಳೆ ಸಾಲೆಯ ಬಾಜುವಿನ ಜಾಗದಲ್ಲಿ ಜಲ್ಲಿಕಲ್ಲಿನ ಖಡಿ ಸುರಿದಿದ್ದಾರೆ, ಸುಣ್ಣದ ಗೆರೆ ಎಳೆದಿದ್ದಾರೆ. ಪಾಯಖಾನೆ ಶುರುವಾಯಿತು ಅಂದುಕೊಂಡು ಹಿಗ್ಗಿ ಹತ್ತಿರ ಹೋದೆ. ಗೆರೆಯ ಪಕ್ಕದಲ್ಲಿ ಕೆಳಗಿನ ಓಣಿಯ ಅಕ್ಕ ನಿಂತಿದ್ದಳು. ನನ್ನನ್ನು ನೋಡಿದವಳೇ ಕೆಳಗೆ ಉಗುಳಿದಳು.

“ಬರ್ರಿ ಬಾಯಾರ, ನಿಮ್ಮ ಅಂಗಡಿ ಮಳಿಗಿ ನೋಡ ಬರ್ರಿ. ನಾಕು ಮಳಿಗಿ ಅಂತ. ನಿಮ್ಮ ಮನ್ಯಾರ ದೋಸ್ತರಿಗೆ. ಕೇಳಾಕ ಹ್ವಾದ್ರ ಪುಸ್ತಕ ತೋರಿಸಿದ್ರು. ಸಹಿ ನಿಮ್ಮದ ಐತೆಂತ!”

“ಅಕ್ಕಾರ, ನನಗ ಗೊತ್ತಿಲ್ರಿ.”

“ಗೊತ್ತಿಲ್ಲಂದ್ರ? ನಿಮ್ಮ ಕೈಯೇನು ನಾಯಿ ಕಚ್ಚಿಕೊಂಡು ಹೋಗಿತ್ತೇನು? ನನ್ನ ಸೊಸಿ ಹಡದು ಆರ ದಿನಕ್ಕ ಹಳ್ಳಕ್ಕ ಇಳಿದಾಳ. ಹಸಿ ಬಾಣಂತಿ ಇದ್ಲು ಆಗ. ನೀವು ಬರತೀರಿ, ಮಾತ ಕೊಡತೀರಿ, ಹೋಗತೀರಿ!”

ಓಣಿಯ ಹೆಂಗಸರೆಲ್ಲ ನೋಡುತ್ತಿದ್ದರು. ನಾನು ಸೆರಗು ಹೊದ್ದು ನಡೆದುಬಿಟ್ಟೆ. ಬೈದದ್ದಕ್ಕೆ ಅಲ್ಲ, ಬೈದದ್ದು ಖರೆ ಇದ್ದದ್ದಕ್ಕೆ ಅಳು ಬಂತು.

ಮನೆಗೆ ಹೋಗಲಿಲ್ಲ, ಸೀದಾ ಪಂಚಾಯಿತಿಗೆ ಹೋದೆ. ನನ್ನ ಕುರ್ಚಿಯಲ್ಲಿ ನನ್ನ ಗಂಡ ಕೂತು ನಾಲ್ಕು ಜನರ ಜೊತೆ ಚಹಾ ಕುಡಿಯುತ್ತಿದ್ದರು. ಬೆನ್ನ ಹಿಂದೆ ನನ್ನ ಹೆಸರಿನ ಫಲಕ.

“ಏನ ಇಲ್ಲೀತನಕ?” ಅಂದರು.

“ಏಳ್ರಿ,” ಅಂದೆ.

ಆ ನಾಲ್ಕು ಜನ ಕಪ್ಪು ಬಸಿ ಕೆಳಗಿಟ್ಟರು. ಜಗಳವಾಗುತ್ತದೆ ಅಂದುಕೊಂಡಿದ್ದೆ, ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ. ಅವರು ಬೈಯಲಿಲ್ಲ. ನಕ್ಕು ಎದ್ದರು, ಕುರ್ಚಿ ಒರೆಸಿ ಕೊಟ್ಟರು, “ಕುಂದರ್ರಿ ಅಧ್ಯಕ್ಷರ,” ಅಂದರು. ಇನ್ನೊಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತು, ನಿಲ್ಲಿಸಿದ್ದ ಮಾತನ್ನು ಅಲ್ಲಿಂದಲೇ ಮುಂದುವರಿಸಿದರು. ಆ ನಾಲ್ಕು ಜನರೂ ಅವರ ಕಡೆಗೇ ತಿರುಗಿ ಕೂತರು. ನಾನು ಕುರ್ಚಿಯಲ್ಲಿ ಇದ್ದೆ, ಫಲಕದ ಕೆಳಗೆ ಇದ್ದೆ, ಇಲ್ಲವೇ ಇಲ್ಲ ಅನ್ನುವ ಹಾಗೆ ಇದ್ದೆ. ಸಿಪಾಯಿ ನನಗೂ ಒಂದು ಚಹಾ ತಂದಿಟ್ಟ.

ನಿಮ್ಮ ಗಂಡ ಕೆಟ್ಟವನಲ್ಲ ಬಿಡವ್ವ ಅಂತ ಎಲ್ಲರೂ ನನಗೆ ಹೇಳುತ್ತಾರೆ. ಹೌದು, ಅಲ್ಲ. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ, ಹಬ್ಬಕ್ಕೆ ಸೀರೆ ತರುತ್ತಾರೆ. ಅದೇ ನನ್ನ ಹೊಟ್ಟೆ ಉರಿಸುವುದು. ಕೆಟ್ಟವನಾಗಿದ್ದರೆ ಊರಾದರೂ ನನ್ನ ಕಡೆ ಆಗುತ್ತಿತ್ತು.

ಆ ಚಹಾ ನಾನು ಕುಡಿಯಲಿಲ್ಲ. ಠರಾವು ಪುಸ್ತಕ ತರಿಸಿ ಮೊದಲ ಪುಟದಿಂದ ಓದಿದೆ. ಮಳಿಗೆಯ ಠರಾವು ಸಿಕ್ಕಿತು. ನನ್ನ ಸಹಿಯ ಮೇಲೆ ಬಿಟ್ಟಿದ್ದ ಖಾಲಿಯಲ್ಲಿ ಅಕ್ಷರಗಳನ್ನು ಒತ್ತೊತ್ತಾಗಿ ಬರೆದು ಹಿಡಿಸಿದ್ದರು. ಪಕ್ಕದಲ್ಲಿ ಹಿಟ್ಟಿನ ಗುರುತು. ಇದನ್ನು ಬದಲಿಸಲು ಬರುತ್ತದೋ ಇಲ್ಲವೋ ಅಂತ ಪಿಡಿಒ ಅವರನ್ನು ಕೇಳಿದೆ. ಅವರು ನನ್ನ ಗಂಡನ ಮುಖ ನೋಡಿದರು. “ನನ್ನ ಮಾರಿ ನೋಡಿ ಹೇಳ್ರಿ ಸಾಹೇಬ್ರ,” ಅಂದೆ. ಠರಾವಾಗಿ ಆರು ತಿಂಗಳು ದಾಟಿದೆ, ಹಾಗಾಗಿ ಸಭೆಯಲ್ಲಿ ಬಹುಮತ ಸಿಕ್ಕರೆ ಸಾಕು, ಬದಲಿಸಬಹುದು ಅಂದರು.

ಹನ್ನೊಂದು ಜನ ಸದಸ್ಯರಲ್ಲಿ ನಾವು ಆರು ಹೆಂಗಸರು, ಐದು ಗಂಡಸರು. ಲೆಕ್ಕ ಸುಲಭ ಅನ್ನಿಸುತ್ತದೆ ಅಲ್ಲವೇ? ನನ್ನನ್ನು ಬಿಟ್ಟರೆ ಉಳಿದ ಐದು ಹೆಂಗಸರಲ್ಲಿ ಒಬ್ಬಳೂ ಒಂದು ಸಭೆಗೂ ಬಂದಿರಲಿಲ್ಲ, ಎಲ್ಲರದೂ ಒಲೆ ಮುಂದಿನ ಸಹಿ. ನಾನೂ ಅದೇ ದಾರಿ ಹಿಡಿದೆ. ಸಿಪಾಯಿಯ ಬದಲು ನಾನೇ ಪುಸ್ತಕ ಹಿಡಿದು, ರೊಟ್ಟಿ ಬಡಿಯುವ ಹೊತ್ತಿಗೇ, ಅಡುಗೆ ಮನೆಗೆ ಅಡುಗೆ ಮನೆ ತಿರುಗಿದೆ. ನನ್ನನ್ನು ನೋಡಿದ ಕೂಡಲೇ ಒಬ್ಬೊಬ್ಬಳೂ ಕೈ ಒರೆಸಿಕೊಂಡು ಪೆನ್ನಿಗೆ ಕೈ ಚಾಚುತ್ತಿದ್ದಳು.

“ಸಹಿ ಬ್ಯಾಡ. ಕೇಳ್ರಿ,” ಅಂದು ಅವರದೇ ಸಹಿಯ ಮೇಲಿದ್ದದ್ದನ್ನು ಓದಿ ಹೇಳುತ್ತಿದ್ದೆ. ಒಬ್ಬಾಕೆಗೆ ಮರಾಠಿಯಲ್ಲಿ ಹೇಳಬೇಕಾಯಿತು. ಆಕೆ ಎರಡನೇ ಸಲ ಓದಿಸಿ ಕೇಳಿ, ಹಿಟ್ಟಿನ ಕೈಯಿಂದಲೇ ಹಣೆ ಚಚ್ಚಿಕೊಂಡಳು. ಆಕೆಯ ತವರೂ ಕೆಳಗಿನ ಓಣಿಯೇ.

ಸಭೆಯ ದಿನ ನಾಲ್ವರು ಬಂದರು. ಐದನೆಯವಳಿಗೆ ಜ್ವರ ಅಂತ ಆಕೆಯ ಗಂಡ ಹೇಳಿ ಕಳಿಸಿದ. ಯಾರ ಜ್ವರವೋ ಏನೋ. ಬಾಗಿಲಲ್ಲಿ ನಿಂತಿದ್ದ ನನ್ನ ಗಂಡನಿಗೂ ಉಳಿದ ಗಂಡಂದಿರಿಗೂ, “ಸದಸ್ಯರಲ್ಲದಾರು ಹೊರಗ,” ಅಂದೆ, ತರಬೇತಿಯ ಮೇಡಂ ದನಿಯಲ್ಲೇ. ಅವರೆಲ್ಲ ಕಿಟಕಿಗೆ ಬಂದು ನಿಂತರು. ಮಳಿಗೆಯ ಠರಾವು ರದ್ದು ಮಾಡಿ ಅಲ್ಲಿ ಪಾಯಖಾನೆ ಕಟ್ಟಲು ಯಾರ್ಯಾರು ಒಪ್ಪುತ್ತೀರಿ ಅಂತ ಕೈ ಎತ್ತಿಸಿದೆ. ನಮ್ಮ ಕಡೆ ಐದು, ಅವರ ಕಡೆ ಐದು.

“ಸಮಾ ಸಮಾ ಆತು, ಠರಾವು ಬಿತ್ತು!” ಅಂತ ಕಿಟಕಿಯಿಂದ ನನ್ನ ಗಂಡನ ದನಿ ಬಂತು.

ಸಮನಾದರೆ ಅಧ್ಯಕ್ಷರಿಗೆ ಇನ್ನೊಂದು ಓಟು ಇರುತ್ತದೆ. ಐದು ದಿನದ ತರಬೇತಿಯಲ್ಲಿ ನನಗೆ ಸರಿಯಾಗಿ ನೆನಪಿದ್ದದ್ದು ಅದೊಂದೇ. ಕಿಟಕಿಯ ಕಡೆ ನೋಡದೆ, “ಅಧ್ಯಕ್ಷರ ಓಟು ಪಾಯಖಾನಿಗೆ. ಬರ್ಕೋರಿ ಸಾಹೇಬ್ರ,” ಅಂದೆ. ಬರೆದದ್ದನ್ನು ಓದಿಸಿ ಕೇಳಿ, ಅಲ್ಲೇ, ಮೇಜಿನ ಮೇಲೆ ಸಹಿ ಹಾಕಿದೆ.

ಆ ತಿಂಗಳೆಲ್ಲ ಮನೆಯಲ್ಲಿ ಅವರು ನನ್ನ ಜೊತೆ ಮಾತಾಡಲಿಲ್ಲ. ಅತ್ತೆ ಮಾತ್ರ ಒಂದು ಮಧ್ಯಾಹ್ನ ಕಾಳು ಆರಿಸುತ್ತಾ, “ಪುಸ್ತಕ ತಗೊಂಡ ಬಾ ಯವ್ವಾ, ಏನೇನ ಬರದಾರ ನಾನೂ ಕೇಳತೀನಿ,” ಅಂದರು.

ಇಲ್ಲಿಗೆ ಮುಗಿದಿದ್ದರೆ ನಾನು ಸಿಟ್ಟಿನಲ್ಲಿ ಬರೆಯುತ್ತಿರಲಿಲ್ಲ. ಠರಾವು ಗೆಲ್ಲುವುದು ಒಂದು, ಗೋಡೆ ಏಳುವುದು ಇನ್ನೊಂದು. ಇಂದು ಕಾಗದ ಇಲ್ಲ, ನಾಳೆ ಇಂಜಿನಿಯರ್ ಇಲ್ಲ, ನಾಡಿದ್ದು ಉಸುಕಿಲ್ಲ ಅಂತ ದಿನ ತಳ್ಳಿದರು. ಗೋಡೆ ಮೊಣಕಾಲಿನ ಮಟ್ಟಕ್ಕೆ ಬರುವಷ್ಟರಲ್ಲಿ ನನ್ನ ಎರಡೂವರೆ ವರ್ಷ ಮುಗಿಯಿತು. ಎರಡನೇ ಅವಧಿ ಇನ್ನೊಬ್ಬ ಹೆಂಗಸಿನ ಪಾಲಾಯಿತು, ಅಂದರೆ ಇನ್ನೊಬ್ಬ ಗಂಡಸಿನ ಪಾಲಾಯಿತು. ಜ್ವರ ಬಂದಿತ್ತಲ್ಲ, ಆಕೆಯೇ. ಆವತ್ತಿನಿಂದ ಅಲ್ಲಿ ಒಂದು ಕಲ್ಲೂ ಏರಿಲ್ಲ. ನಾನು ಬರೀ ಸದಸ್ಯೆ. ಪ್ರತಿ ಸಭೆಯಲ್ಲೂ ಕೇಳುತ್ತೇನೆ, “ಫೈಲ್ ಮ್ಯಾಲ ಹೋಗೇತಿ,” ಅನ್ನುತ್ತಾರೆ. ಅಕ್ಕನ ಮೊಮ್ಮಗಳು ಈಗ ಆ ಮೊಣಕಾಲು ಗೋಡೆ ಹತ್ತಿ ಜಿಗಿದು ಆಡುವಷ್ಟು ದೊಡ್ಡವಳಾಗಿದ್ದಾಳೆ. ಅವಳ ತಾಯಿ ಇನ್ನೂ ಚರಿಗೆ ಹಿಡಿದು ಹಳ್ಳಕ್ಕೇ ಇಳಿಯುತ್ತಾಳೆ.

ಈಗ ಮತ್ತೆ ಚುನಾವಣೆಯ ಗಾಳಿ. ಹೊಸ ಪಟ್ಟಿಯಲ್ಲಿ ನಮ್ಮ ವಾರ್ಡು ‘ಸಾಮಾನ್ಯ’ ಆಗಿದೆ. ಪಟ್ಟಿ ಬಂದ ದಿನ ನನ್ನ ಗಂಡ ಪೇಢೆ ತಂದರು.

“ನಿನ್ನ ಪಾಳಿ ಮುಗೀತು. ಈಗ ಗಂಡಸರದು,” ಅಂದರು. ಪ್ರೀತಿಯಿಂದಲೇ ಅಂದರು, ಒಂದು ಪೇಢೆ ನನ್ನ ಕೈಗೂ ಇಟ್ಟರು.

“ಸಾಮಾನ್ಯ ಅಂದ್ರ ಗಂಡಸರು ಅಂತ ಎಲ್ಲಿ ಬರದೈತ್ರಿ?”

“ಹಂಗ ಇರತದ ಅದು.”

“ಸಾಮಾನ್ಯ ಅಂದ್ರ ಯಾರೂ ನಿಲ್ಲಬಹುದು. ನಾನೂ ನಿಲ್ಲಬಹುದು.”

ಅವರು ನಕ್ಕರು. ಆವತ್ತು ಕುರ್ಚಿ ಒರೆಸಿ ಕೊಟ್ಟಾಗ ನಕ್ಕದ್ದು ಇದೇ ನಗು. ನಾಲ್ಕು ಜನ ಹಿರಿಯರು ಬಂದು ಬುದ್ಧಿ ಹೇಳಿದರು. ಹೆಂಗಸರಿಗೆ ಅಂತ ಬೇರೆ ಕೊಟ್ಟಾಗ ತಗೊಂಡಿದ್ದೀಯಲ್ಲ ತಂಗಿ, ಇನ್ನೊಬ್ಬರ ತಾಟಿಗೆ ಯಾಕೆ ಕೈ ಹಾಕುತ್ತೀ ಅಂದರು. ಊರಿನ ಎಲ್ಲ ತಾಟುಗಳನ್ನೂ ತೊಳೆಯುವುದು ಯಾರು ಅಂತ ಕೇಳಬೇಕೆನ್ನಿಸಿತು. ಬಾಗಿಲ ಮರೆಯಿಂದ ಅತ್ತೆ, “ಚಹಾ ಕುಡದು ಹೋಗ್ರಿ,” ಅಂದರು. ಅವರ ದನಿಯಲ್ಲಿ ‘ಹೋಗ್ರಿ’ ಅನ್ನುವುದಷ್ಟೇ ಗಟ್ಟಿಯಾಗಿ ಕೇಳಿಸಿತು.

ನಾಮಪತ್ರಕ್ಕೆ ವಾರ್ಡಿನವರೊಬ್ಬರು ಸೂಚಕರಾಗಿ ಸಹಿ ಹಾಕಬೇಕು. ನಿನ್ನೆ ಮುಂಜಾನೆ ನಾಮಪತ್ರ ಹಿಡಿದು ಕೆಳಗಿನ ಓಣಿಗೆ ಹೋದೆ. ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹೆಂಗಸರ ಸಂಘದಲ್ಲಿ ಈಚೆಗೆ ತನ್ನ ಹೆಸರು ಬರೆಯಲು ಕಲಿತಿದ್ದಾಳೆ, ಸಹಿ ಮಾಡುವುದೆಂದರೆ ಆಸೆ. ನಾನು ಕಾಗದ ಬಿಚ್ಚಿ, “ಅಕ್ಕಾರ, ಇಲ್ಲೊಂದು ಸಹಿ,” ಅಂದೆ.

ಅಕ್ಕ ಹಂಚಿನ ಮೇಲಿನ ರೊಟ್ಟಿ ಕೆಳಗಿಳಿಸಿದಳು. ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆದಳು. ಕೈ ತೊಳೆದು ಬಂದು ನನ್ನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು.

“ಮದಲ ಓದ ತಂಗಿ,” ಅಂದಳು. “ಮ್ಯಾಲಿಂದ ಓದು. ಒಂದ ಅಕ್ಷರ ಬಿಡಬ್ಯಾಡ.”